ಕಂಬಿ ಒಂದೇ, ಈಲ್ಡ್ ಎರಡು: ಯುಟಿಎಂ ಸಾಫ್ಟ್‌ವೇರ್ ಕೊಡುವ ಲೆಕ್ಕವನ್ನು ನಾವೇ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿರುವ ಸಣ್ಣ ಟೆಸ್ಟಿಂಗ್ ಲ್ಯಾಬ್. ಡಯಲ್ ಇದ್ದ ಹಳೆಯ 600 ಕಿಲೋನ್ಯೂಟನ್ ಯುಟಿಎಂಗೆ (ಕಂಬಿ ಎಳೆದು ಶಕ್ತಿ ಅಳೆಯುವ ಯಂತ್ರ) ಈಚೆಗೆ ಲೋಡ್ ಸೆಲ್ (ಬಲ ಅಳೆಯುವ ಸೆನ್ಸರ್), ಕಂಪ್ಯೂಟರ್, ಸಾಫ್ಟ್‌ವೇರ್ ಹಾಕಿಸಿದ್ದೇವೆ. 12 ಎಂಎಂ ಫೆ 500ಡಿ ಗ್ರೇಡಿನ ಟಿಎಂಟಿ ಕಂಬಿಗೆ ನಮ್ಮಲ್ಲಿ ಈಲ್ಡ್ (ಕಂಬಿ ಕಾಯಂ ಆಗಿ ಹಿಗ್ಗಲು ಶುರುವಾಗುವ ಒತ್ತಡ) 534, ಟೆನ್ಸೈಲ್ (ಕಂಬಿ ತಡೆಯುವ ಗರಿಷ್ಠ ಒತ್ತಡ) 628 ಎಂಪಿಎ (ಚದರ ಮಿಮೀಗೆ ನ್ಯೂಟನ್) ಬಂತು. ಅದೇ ಕಂಬಿಯ ಪಕ್ಕದ ತುಂಡಿಗೆ ಬೇರೊಂದು ಲ್ಯಾಬ್ 511 ಮತ್ತು 601 ಎಂದು ವರದಿ ಕೊಟ್ಟಿದೆ. ಸಾಲದ್ದಕ್ಕೆ ನಮ್ಮ ಸಾಫ್ಟ್‌ವೇರ್ ಎಲಾಸ್ಟಿಕ್ ಮಾಡ್ಯುಲಸ್ (ಹಿಗ್ಗಿದ ಪಾಲಿಗೆ ಎಷ್ಟು ಒತ್ತಡ ಬೇಕಾಯಿತು ಎಂಬ ಅಳತೆ) 22 ಜಿಪಿಎ (1 ಜಿಪಿಎ ಅಂದರೆ 1000 ಎಂಪಿಎ) ಎಂದು ತೋರಿಸುತ್ತಿದೆ. ಹಾಕಿಕೊಟ್ಟವರು ಎಲ್ಲ ಸರಿ ಇದೆ ಅನ್ನುತ್ತಾರೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಅಸೆಸ್‌ಮೆಂಟ್ ಹತ್ತಿರ ಬಂದಿದೆ. ಯಾರ ಲೆಕ್ಕ ನಂಬಬೇಕು? ಸಾಫ್ಟ್‌ವೇರ್ ಸರಿ ಇದೆ ಅಂತ ನಾವು ಹೇಗೆ ತೋರಿಸಬೇಕು?

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ನೀವು ಈಲ್ಡ್ ಜೊತೆ ಟೆನ್ಸೈಲ್ ಕೂಡ ಬರೆದಿದ್ದು ಒಳ್ಳೆಯದಾಯಿತು. 628 ಅನ್ನು 534ರಿಂದ ಭಾಗಿಸಿ. 1.176 ಬರುತ್ತದೆ. ಆ ಲ್ಯಾಬ್‌ನ 601 ಅನ್ನು 511ರಿಂದ ಭಾಗಿಸಿ. ಅಲ್ಲೂ 1.176. ಅಂದರೆ ಎರಡೂ ಲ್ಯಾಬ್‌ಗಳು ಕರ್ವ್‌ನ (ಸ್ಟ್ರೆಸ್ ಅಂದರೆ ಒತ್ತಡ ಏರಿದಂತೆ ಸ್ಟ್ರೇನ್ ಅಂದರೆ ಹಿಗ್ಗಿದ ಪಾಲು ಎಷ್ಟು ಎಂಬ ಗ್ರಾಫ್) ಒಂದೇ ಜಾಗದಲ್ಲಿ ಈಲ್ಡ್ ಹಿಡಿದಿವೆ. ಟೆಸ್ಟಿನ ವೇಗ ಬೇರೆ ಇದ್ದಿದ್ದರೆ, ಅಥವಾ ಈಲ್ಡ್ ಹುಡುಕುವ ರೀತಿ ಬೇರೆ ಇದ್ದಿದ್ದರೆ, ಈಲ್ಡ್ ಒಂದೇ ಅಲ್ಲಾಡುತ್ತಿತ್ತು, ಟೆನ್ಸೈಲ್ ಹೆಚ್ಚುಕಡಿಮೆ ಅಲ್ಲೇ ಇರುತ್ತಿತ್ತು. ಇಲ್ಲಿ ಎರಡೂ ಸುಮಾರು 4.5% ಏರಿವೆ. ಹೀಗೆ ಎಲ್ಲವನ್ನೂ ಒಂದೇ ಪಾಲಿನಲ್ಲಿ ಏರಿಸಬಲ್ಲವು ಎರಡೇ: ಲೋಡ್ ಅಳತೆ, ಇಲ್ಲವೇ ಏರಿಯಾ (ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ). ಲೋಡನ್ನು ಏರಿಯಾದಿಂದ ಭಾಗಿಸಿದರೆ ಬರುವುದೇ ಎಂಪಿಎ. ಕ್ಲಾಸ್ 1 (ನಿಖರತೆಯ ದರ್ಜೆ) ಯುಟಿಎಂನಲ್ಲಿ ಲೋಡ್ ತಪ್ಪು 1% ದಾಟುವ ಹಾಗಿಲ್ಲ. ಹಾಗಾಗಿ ನಾನು ಮೊದಲು ಏರಿಯಾ ನೋಡುತ್ತೇನೆ.

12 ಎಂಎಂ ಕಂಬಿಯ ನಾಮಿನಲ್ (ಹೆಸರಿನ ಅಳತೆಯಿಂದ ಬರುವ) ಏರಿಯಾ 113.1 ಚದರ ಮಿಮೀ, ತೂಕ ಮೀಟರಿಗೆ 0.888 ಕೆಜಿ. ಆದರೆ ಈ ಕಂಬಿಗಳ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 1786:2008 ಈ ಅಳತೆಗೆ ಒಂದು ಬ್ಯಾಚ್‌ನ ತೂಕದಲ್ಲಿ 5% ಹೆಚ್ಚುಕಡಿಮೆ ಇರಲು ಬಿಡುತ್ತದೆ. ನಿಮ್ಮ ಕಂಬಿ ಮೀಟರಿಗೆ 0.850 ಕೆಜಿ ತೂಗಿದರೆ ಅದೂ ಪಾಸ್. ಆಗ ನಿಜವಾದ ಏರಿಯಾ ಎಷ್ಟು? ಕೆಜಿಯಲ್ಲಿರುವ ತೂಕವನ್ನು, ಮೀಟರಿನಲ್ಲಿರುವ ಉದ್ದ ಮತ್ತು 0.00785 ಇವುಗಳ ಗುಣಲಬ್ಧದಿಂದ ಭಾಗಿಸಬೇಕು. 0.6 ಮೀಟರ್ ತುಂಡು 0.510 ಕೆಜಿ ತೂಗಿತು ಅಂದುಕೊಳ್ಳಿ. ಏರಿಯಾ 108.3 ಚದರ ಮಿಮೀ. ಈಗ 57.8 ಕಿಲೋನ್ಯೂಟನ್‌ಗೆ ಕಂಬಿ ಈಲ್ಡ್ ಆಯಿತು ಅನ್ನೋಣ. 113.1ರಿಂದ ಭಾಗಿಸಿದರೆ 511. 108.3ರಿಂದ ಭಾಗಿಸಿದರೆ 534. ನಿಮ್ಮ ಎರಡು ಸಂಖ್ಯೆಗಳೂ ಬಂದವು, ಅಲ್ವಾ?

ನಿಮ್ಮ ಆಪರೇಟರ್ ಕಂಬಿ ತೂಗಿ ಏರಿಯಾ ಹಾಕಿರಬೇಕು. ಆ ಲ್ಯಾಬ್‌ನ ಸಾಫ್ಟ್‌ವೇರ್‌ನಲ್ಲಿ "12 ಎಂಎಂ" ಅಂತ ಆರಿಸಿದ ಕೂಡಲೇ 113.1 ತಾನಾಗಿ ಬಂದು ಕೂತಿರಬೇಕು. ಇದು ಅವರ ಅಸಡ್ಡೆ ಎಂದು ತಿಳಿಯಬೇಡಿ. ಕಾಂಕ್ರೀಟ್ ಕಂಬಿಗಳ ಟೆಸ್ಟಿಗೆ ಇರುವ ಐಎಸ್‌ಒ 15630-1 ನಾಮಿನಲ್ ಏರಿಯಾವನ್ನೇ ಬಳಸಿ ಅನ್ನುತ್ತದೆ, ಆದರೆ ಪ್ರಾಡಕ್ಟ್ ಸ್ಟ್ಯಾಂಡರ್ಡ್ ಬೇರೆ ಹೇಳಿದ್ದರೆ ಅದರಂತೆ ಮಾಡಿ ಎಂಬ ಮಾತನ್ನೂ ಸೇರಿಸುತ್ತದೆ. ನಮ್ಮ ಐಎಸ್ 1786 ಬೇರೆಯೇ ಹೇಳುತ್ತದೆ. ತೂಕದಿಂದ ಬಂದ ನಿಜವಾದ ಏರಿಯಾ ಬಳಸಿ ಎಂಬುದು ಅದರ ನಿಯಮ. ಹೊರದೇಶದ ಟೆಂಪ್ಲೇಟನ್ನು ಹಾಗೇ ಇಟ್ಟುಕೊಂಡು ಹೆಸರು ಮಾತ್ರ ಬದಲಿಸಿದರೆ ಇದೇ ಆಗುತ್ತದೆ. ಐಎಸ್ 1786 ಎಂದು ವರದಿ ಕೊಡುವಾಗ ನಿಮ್ಮ ದಾರಿಯೇ ಸರಿ. ಆದರೆ ತೂಕದ ಚೀಟಿ ಫೈಲಿನಲ್ಲಿ ಇರಬೇಕು. ಇಲ್ಲದಿದ್ದರೆ 108.3 ಎಲ್ಲಿಂದ ಬಂತು ಅಂತ ಕೇಳಿದಾಗ ಉತ್ತರ ಇರುವುದಿಲ್ಲ.

ಎರಡು ಲ್ಯಾಬ್‌ಗಳ ನಡುವೆ ಜಗಳ ಬಂದಾಗ ಎಂಪಿಎ ಹೋಲಿಸಬೇಡಿ, ಮೊದಲು ಕಿಲೋನ್ಯೂಟನ್ ಹೋಲಿಸಿ. ಆಮೇಲೆ ಟೆನ್ಸೈಲ್ ಮತ್ತು ಈಲ್ಡ್‌ನ ಅನುಪಾತ ಹೋಲಿಸಿ. ಅನುಪಾತ ಕೂಡಿದರೆ ಏರಿಯಾ ಅಥವಾ ಲೋಡ್ ಸೆಲ್ ಕಡೆ ಹೋಗಿ. ಅನುಪಾತ ಬೇರೆ ಬಂದರೆ ಈಲ್ಡ್ ಹಿಡಿಯುವ ರೀತಿ ಮತ್ತು ವೇಗದ ಕಡೆ ಹೋಗಿ. ಅರ್ಧ ದಿನದ ವಾದ ಉಳಿಯುತ್ತದೆ.

ಇನ್ನು 22 ಜಿಪಿಎ. ಇದನ್ನು ಸುಮ್ನೆ ಬಿಡುವ ಹಾಗಿಲ್ಲ. ಉಕ್ಕಿನ ಮಾಡ್ಯುಲಸ್ 200 ಜಿಪಿಎ ಸುತ್ತಮುತ್ತ ಇರುತ್ತದೆ. ಕಂಬಿ ಎಷ್ಟು ಗಟ್ಟಿ, ಯಾವ ಗ್ರೇಡ್ ಅನ್ನುವುದರಿಂದ ಅದು ಹೆಚ್ಚೇನೂ ಬದಲಾಗುವುದಿಲ್ಲ. ಹಾಗಾಗಿ ಅದು ನಿಮ್ಮ ಇಡೀ ಅಳತೆ ವ್ಯವಸ್ಥೆಗೆ ಪುಕ್ಕಟೆ ಸಿಕ್ಕ ಸಾಕ್ಷಿ. 190 ಇಂದ 210 ಬಂದರೆ ಸ್ಟ್ರೇನ್ ಅಳತೆ ಸರಿ ಇದೆ ಅನ್ನಬಹುದು. 22 ಬಂತು ಅಂದರೆ ಸಾಫ್ಟ್‌ವೇರ್ ಎಕ್ಸ್‌ಟೆನ್ಸೋಮೀಟರ್‌ನಿಂದ (ಕಂಬಿಗೇ ಕ್ಲಿಪ್ ಮಾಡಿ ಹಿಗ್ಗುವಿಕೆ ಅಳೆಯುವ ಸಾಧನ) ಓದುತ್ತಿಲ್ಲ, ಕ್ರಾಸ್‌ಹೆಡ್ (ಮಷಿನ್‌ನ ಚಲಿಸುವ ಅಡ್ಡತೊಲೆ) ಸರಿದ ದೂರವನ್ನೇ ಕಂಬಿ ಹಿಗ್ಗಿದ ದೂರ ಎಂದು ತೆಗೆದುಕೊಂಡಿದೆ.

ಲೆಕ್ಕ ಹಾಕಿ ನೋಡೋಣ. 400 ಎಂಪಿಎ ಹೊತ್ತಿಗೆ ಉಕ್ಕು ನಿಜಕ್ಕೂ ಹಿಗ್ಗುವುದು 0.2%. 60 ಮಿಮೀ ಗೇಜ್ ಲೆಂತ್‌ನಲ್ಲಿ (ಹಿಗ್ಗುವಿಕೆ ಅಳೆಯಲು ಗುರುತಿಸಿದ ಉದ್ದ) ಅದು 0.12 ಮಿಮೀ. ನಿಮ್ಮ ಸಾಫ್ಟ್‌ವೇರ್‌ಗೆ 22 ಜಿಪಿಎ ಬರಬೇಕಾದರೆ ಅದಕ್ಕೆ ಸುಮಾರು 1.1 ಮಿಮೀ ಕಾಣಿಸಿರಬೇಕು. ಈ 1.1 ಎಲ್ಲಿಂದ ಬಂತು? ಜಾಗಳ (ಕಂಬಿಯ ಎರಡು ತುದಿಗಳನ್ನು ಕಚ್ಚಿ ಹಿಡಿಯುವ ಹಲ್ಲಿನ ಹಿಡಿತಗಳು) ನಡುವೆ 300 ಮಿಮೀ ಕಂಬಿ ಇದ್ದರೆ ಅಷ್ಟೂ ಉದ್ದ ಸೇರಿ 0.6 ಮಿಮೀ ಹಿಗ್ಗಿದೆ. ಉಳಿದ ಅರ್ಧ ಮಿಮೀ ಜಾ ಹಲ್ಲು ಕಂಬಿಯ ರಿಬ್‌ಗೆ ಕಚ್ಚಿ ಕೂತಿದ್ದು, ವೆಜ್ ಜಾರಿದ್ದು, ಮಷಿನ್‌ನ ಕಂಬಗಳೇ ಹಿಗ್ಗಿದ್ದು. ಇಷ್ಟನ್ನೂ ಒಟ್ಟು ಮಾಡಿ ಸಾಫ್ಟ್‌ವೇರ್ 60ರಿಂದ ಭಾಗಿಸಿದೆ. ಅದಕ್ಕೆ ಬೇರೆ ಗೊತ್ತಿಲ್ಲ. ಚಾನಲ್ ಆರಿಸುವ ಜಾಗದಲ್ಲಿ ಯಾರೋ ಕ್ರಾಸ್‌ಹೆಡ್ ಅಂತ ಇಟ್ಟಿದ್ದಾರೆ, ಅದು ಹೇಳಿದ್ದನ್ನು ಮಾಡಿದೆ.

ಮಾಡ್ಯುಲಸ್ ನಾವು ವರದಿಯಲ್ಲಿ ಕೊಡುವುದೇ ಇಲ್ಲವಲ್ಲ, ಅದು ಎಷ್ಟಿದ್ದರೇನು ಎಂದು ಕೇಳಬಹುದು. ತೊಂದರೆ ಅಲ್ಲೇ ಇದೆ. 0.2% ಪ್ರೂಫ್ ಸ್ಟ್ರೆಸ್ (ಕಂಬಿ 0.2% ಕಾಯಂ ಆಗಿ ಹಿಗ್ಗಿದಾಗಿನ ಒತ್ತಡ, ಸ್ಪಷ್ಟ ಈಲ್ಡ್ ಕಾಣದಾಗ ಅದನ್ನೇ ಈಲ್ಡ್ ಎನ್ನುತ್ತೇವೆ) ಹುಡುಕಲು ಸಾಫ್ಟ್‌ವೇರ್ ಕರ್ವ್‌ನ ನೇರ ಭಾಗಕ್ಕೆ ಒಂದು ಗೆರೆ ಎಳೆಯುತ್ತದೆ. ಆ ಗೆರೆಯನ್ನು 0.2% ಪಕ್ಕಕ್ಕೆ ಸರಿಸಿ, ಕರ್ವ್ ಅನ್ನು ಎಲ್ಲಿ ಮುಟ್ಟುತ್ತದೆ ಅಂತ ನೋಡುತ್ತದೆ. 60 ಮಿಮೀ ಮೇಲೆ 0.2% ಅಂದರೆ ಅದೇ 0.12 ಮಿಮೀ. ಜಾ ಒಂದು ಸಲ 0.12 ಮಿಮೀ ಜಾರಿದರೆ ಸಾಕು, ಗೆರೆ ಕರ್ವ್ ಅನ್ನು ದಾಟುತ್ತದೆ, "ಈಲ್ಡ್" ಅಂತ ಒಂದು ಸಂಖ್ಯೆ ಬೀಳುತ್ತದೆ. ಕಂಬಿ ಇನ್ನೂ ಪೂರ್ತಿ ಎಲಾಸ್ಟಿಕ್ ಆಗಿಯೇ ಇರುತ್ತದೆ.

ನಿಮ್ಮ 12 ಎಂಎಂ ಕಂಬಿಯಲ್ಲಿ ಇದು ಬಯಲಾಗಿಲ್ಲ. ಟಿಎಂಟಿ ಕಂಬಿಗೆ ಸಾಮಾನ್ಯವಾಗಿ ಒಂದು ಸ್ಪಷ್ಟ ಈಲ್ಡ್ ಪಾಯಿಂಟ್ ಇರುತ್ತದೆ. ಲೋಡ್ ಏರುವುದು ನಿಂತು ಕರ್ವ್ ಚಪ್ಪಟೆ ಆಗುತ್ತದೆ. ಅಲ್ಲಿ ಲೋಡ್ ಒಂದರಿಂದಲೇ ಈಲ್ಡ್ ಓದಬಹುದು, ಸ್ಟ್ರೇನ್ ತಪ್ಪಿದ್ದರೂ ನಡೆದುಹೋಗುತ್ತದೆ. ಆದರೆ ಕಾಯಿಲ್‌ನಿಂದ ಬಿಚ್ಚಿ ನೇರ ಮಾಡಿದ 8 ಎಂಎಂ ಕಂಬಿ ತಂದು ನೋಡಿ. ನೇರ ಮಾಡುವಾಗಲೇ ಅದು ಒಮ್ಮೆ ಬಾಗಿ ಎದ್ದಿರುತ್ತದೆ, ಆ ಚಪ್ಪಟೆ ಭಾಗ ಮಾಯವಾಗಿ ಕರ್ವ್ ನುಣ್ಣಗೆ ಬಾಗುತ್ತದೆ. ಸ್ಟೇನ್‌ಲೆಸ್, ಅಲ್ಯೂಮಿನಿಯಂ, ತಾಮ್ರ ಎಲ್ಲ ಹಾಗೇ. ಅಲ್ಲಿ 0.2% ಗೆರೆಯೇ ಗತಿ. ಅದನ್ನು ಕ್ರಾಸ್‌ಹೆಡ್ ಮೇಲೆ ಎಳೆದರೆ ಬಂದ ಸಂಖ್ಯೆಗೆ ಅರ್ಥವೇ ಇಲ್ಲ. ಪ್ರೂಫ್ ಸ್ಟ್ರೆಸ್‌ಗೆ ಐಎಸ್‌ಒ 9513 ಪ್ರಕಾರ ಕ್ಲಾಸ್ 1 ಎಕ್ಸ್‌ಟೆನ್ಸೋಮೀಟರ್ ಬೇಕು. ಇಲ್ಲದಿದ್ದರೆ ಆ ಟೆಸ್ಟ್ ತೆಗೆದುಕೊಳ್ಳಬೇಡಿ ಎಂದೇ ನಾನು ಹೇಳುವುದು.

ಎಕ್ಸ್‌ಟೆನ್ಸೋಮೀಟರ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ನೇರ ಭಾಗ ಎಲ್ಲಿಂದ ಎಲ್ಲಿಗೆ ಎಂದು ಸಾಫ್ಟ್‌ವೇರ್‌ಗೆ ಯಾರು ಹೇಳಿದರು? ಹಲವು ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆ "ಆಟೋ" ಇರುತ್ತದೆ. ಒಳ್ಳೆಯ ಕರ್ವ್‌ಗೆ ಆಟೋ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಶುರುವಿನಲ್ಲಿ ಕಂಬಿ ನೆಟ್ಟಗಾಗುವಾಗಿನ ಸಣ್ಣ ಬಾಗು ಇದ್ದರೆ, ನಡುವೆ ಕ್ಲಿಪ್ ಒಮ್ಮೆ ಜಾರಿದ್ದರೆ, ಆಟೋ ಆ ಬಾಗನ್ನೂ ಸೇರಿಸಿಕೊಂಡುಬಿಡುತ್ತದೆ. ಲೋಹಗಳ ಟೆನ್ಸೈಲ್ ಟೆಸ್ಟಿನ ಸ್ಟ್ಯಾಂಡರ್ಡ್ ಐಎಸ್‌ಒ 6892-1ರಲ್ಲಿ ಮಾಡ್ಯುಲಸ್ ಅಳೆಯಲು ಇರುವ ಅನುಬಂಧ, ಈಲ್ಡ್‌ನ ಸುಮಾರು 10% ಇಂದ 40% ವರೆಗಿನ ಭಾಗಕ್ಕೆ ಗೆರೆ ಹಾಕಲು ಹೇಳುತ್ತದೆ. 500 ಎಂಪಿಎ ಕಂಬಿಗೆ 50 ಇಂದ 200. ಗೆರೆ ಬಿಂದುಗಳಿಗೆ ಎಷ್ಟು ಒಪ್ಪುತ್ತದೆ ಎಂಬುದಕ್ಕೂ 0.9995 ಎಂಬ ಬಿಗಿ ಮಟ್ಟ ಇಟ್ಟಿದೆ. ನೀವು ಮಾಡ್ಯುಲಸ್ ವರದಿ ಮಾಡದಿದ್ದರೂ ಈ ಅಭ್ಯಾಸ ಇಟ್ಟುಕೊಳ್ಳಿ. ಕರ್ವ್ ಚಪ್ಪಟೆ ಇರುವಲ್ಲಿ ಗೆರೆಯ ಓರೆ ಸ್ವಲ್ಪ ತಪ್ಪಿದರೂ ಈಲ್ಡ್ ಹೆಚ್ಚು ಕೆಡುವುದಿಲ್ಲ. ಕರ್ವ್ ಇನ್ನೂ ಏರುತ್ತಿರುವಲ್ಲಿ ಅದೇ ತಪ್ಪು ನೇರವಾಗಿ ಉತ್ತರಕ್ಕೆ ಸೇರುತ್ತದೆ.

ಸ್ಪಷ್ಟ ಈಲ್ಡ್ ಇರುವ ಕಂಬಿಯಲ್ಲೂ ಒಂದು ಆಯ್ಕೆ ಇದೆ, ಮೇಲಿನ ಈಲ್ಡ್ ಮತ್ತು ಕೆಳಗಿನ ಈಲ್ಡ್. ಲೋಡ್ ಮೊದಲ ಬಾರಿ ಇಳಿಯುವ ಮುಂಚಿನ ತುದಿ ಮೇಲಿನದು. ಆಮೇಲೆ ಹಿಗ್ಗುತ್ತಾ ಹೋಗುವಾಗಿನ ಕನಿಷ್ಠ ಮಟ್ಟ ಕೆಳಗಿನದು, ಅದರಲ್ಲೂ ಶುರುವಿನ ಕ್ಷಣಿಕ ಕುಸಿತವನ್ನು ಲೆಕ್ಕಕ್ಕೆ ಹಿಡಿಯಬಾರದು. ನಿಮ್ಮ ಹಳೆಯ ಡಯಲ್‌ನಲ್ಲಿ ಆಪರೇಟರ್ ಮುಳ್ಳು ನಿಂತ ಜಾಗ ಓದುತ್ತಿದ್ದರು. ಸಾಫ್ಟ್‌ವೇರ್ ಸೂಕ್ಷ್ಮವಾದ ತುದಿಯನ್ನೂ ಹಿಡಿಯುತ್ತದೆ. ಹಳೆಯ ರಿಜಿಸ್ಟರ್‌ಗೂ ಹೊಸ ವರದಿಗೂ ಒಂದಿಷ್ಟು ವ್ಯತ್ಯಾಸ ಕಂಡರೆ ಇದೂ ಕಾರಣ ಇರಬಹುದು. ಆದರೆ ಸಾಫ್ಟ್‌ವೇರ್‌ಗೆ ಇನ್ನೊಂದು ಅಪಾಯ. ಹೈಡ್ರಾಲಿಕ್ ಪಂಪಿನ ನಡುಕ, ಜಾ ಜಾರಿದಾಗಿನ ಸಣ್ಣ ಕುಸಿತ, ಇವನ್ನೂ ಅದು "ಲೋಡ್ ಇಳಿಯಿತು" ಎಂದು ನಂಬಬಹುದು. ಅದಕ್ಕೇ ಸ್ಟ್ಯಾಂಡರ್ಡ್‌ನಲ್ಲಿ ಕಂಪ್ಯೂಟರ್ ಟೆಸ್ಟಿಗೆ ಒಂದು ನಿಯಮ ಸೂಚಿಸಿದ್ದಾರೆ. ಲೋಡ್ ಕನಿಷ್ಠ 0.5% ಇಳಿಯಬೇಕು, ಆಮೇಲೆ ಕನಿಷ್ಠ 0.05% ಸ್ಟ್ರೇನ್ ದಾಟುವವರೆಗೆ ಹಳೆಯ ತುದಿಯನ್ನು ಮೀರಬಾರದು. ಆಗ ಮಾತ್ರ ಅದು ಮೇಲಿನ ಈಲ್ಡ್. ನಿಮ್ಮ ಮೆಥಡ್ ಫೈಲ್ (ಟೆಸ್ಟಿನ ಸೆಟ್ಟಿಂಗ್‌ಗಳಿರುವ ಫೈಲ್) ತೆರೆದು ಈ ಎರಡು ಸಂಖ್ಯೆಗಳು ಏನಿವೆ ಎಂದು ನೋಡಿ. 0.1% ಇಟ್ಟಿದ್ದರೆ ಪಂಪಿನ ನಡುಕವೇ ಈಲ್ಡ್ ಆಗುತ್ತದೆ. 5% ಇಟ್ಟಿದ್ದರೆ ನಿಜವಾದ ತುದಿಯೂ ಕಾಣುವುದಿಲ್ಲ, ಸಾಫ್ಟ್‌ವೇರ್ ಸದ್ದಿಲ್ಲದೆ 0.2% ಗೆರೆಗೆ ಹೋಗಿಬಿಡಬಹುದು.

ಇದಕ್ಕೆ ಸೇರಿದ ಮತ್ತೊಂದು ಮಾತು. ಸಾಫ್ಟ್‌ವೇರ್ ಸೆಕೆಂಡಿಗೆ ಎಷ್ಟು ಬಿಂದು ಬರೆದುಕೊಳ್ಳುತ್ತದೆ ಎಂದು ಕೇಳಿ ತಿಳಿಯಿರಿ. ಸೆಕೆಂಡಿಗೆ 30 ಎಂಪಿಎ ವೇಗದಲ್ಲಿ ಎಳೆಯುತ್ತಾ, ಸೆಕೆಂಡಿಗೆ ಒಂದೇ ಬಿಂದು ಬರೆದರೆ, ಎರಡು ಬಿಂದುಗಳ ನಡುವೆ 30 ಎಂಪಿಎ ಕಂದಕ. ತುದಿ ಆ ಕಂದಕದಲ್ಲಿ ಬಿದ್ದರೆ ಯಾರಿಗೂ ಸಿಗುವುದಿಲ್ಲ. ಸ್ಟ್ಯಾಂಡರ್ಡ್‌ನ ಸೂತ್ರದಲ್ಲಿ ಕ್ಲಾಸ್ 1 ಮಷಿನ್‌ಗೆ ಲೆಕ್ಕ ಹಾಕಿದರೆ ನಿಮ್ಮ ಕಂಬಿಗೆ ಈ ವೇಗದಲ್ಲಿ ಸೆಕೆಂಡಿಗೆ ಕನಿಷ್ಠ 6 ಬಿಂದು ಬೇಕು. ಅದು ಕನಿಷ್ಠ. 50 ಇಟ್ಟುಕೊಳ್ಳಿ, ಇಂದಿನ ಕಂಪ್ಯೂಟರ್‌ಗೆ ಅದು ಭಾರವಲ್ಲ. ಕರ್ವ್ ಚೆಂದ ಕಾಣಲಿ ಅಂತ ಸ್ಮೂದಿಂಗ್ ಹಾಕಿಸಿದ್ದರೆ ತೆಗೆಸಿ. ಚೆಂದ ಆದ ಕರ್ವ್‌ನಲ್ಲಿ ಮೊದಲು ಸವೆಯುವುದು ಆ ತುದಿಯೇ.

ವೇಗದ ವಿಷಯಕ್ಕೆ ಬರೋಣ, ಇದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ಉಕ್ಕನ್ನು ಜೋರಾಗಿ ಎಳೆದಷ್ಟೂ ಈಲ್ಡ್ ಜಾಸ್ತಿ ಕಾಣುತ್ತದೆ. ನಾವು ಬಳಸುವ ಐಎಸ್ 1608 ಭಾಗ 1, ಐಎಸ್‌ಒ 6892-1ರದ್ದೇ ರೂಪ. ಅದರಲ್ಲಿ ಎರಡು ದಾರಿ. ಮೆಥಡ್ ಎ ಸ್ಟ್ರೇನ್ ವೇಗವನ್ನು ಹಿಡಿದಿಡುತ್ತದೆ. ಮೆಥಡ್ ಬಿ ಸ್ಟ್ರೆಸ್ ವೇಗವನ್ನು ಹಿಡಿಯುತ್ತದೆ, ಉಕ್ಕಿಗೆ ಸೆಕೆಂಡಿಗೆ 6 ಇಂದ 60 ಎಂಪಿಎ. ಅಂದರೆ ಒಂದೇ ಮೆಥಡ್ ಒಳಗೇ ಹತ್ತು ಪಟ್ಟು ಅಂತರ. ನಿಮ್ಮ ಕಂಬಿಗೆ ಅದು ಸೆಕೆಂಡಿಗೆ 0.65 ಇಂದ 6.5 ಕಿಲೋನ್ಯೂಟನ್. ಇಬ್ಬರೂ ಸ್ಟ್ಯಾಂಡರ್ಡ್ ಪಾಲಿಸಿದ್ದಾರೆ, ಆದರೂ ಈಲ್ಡ್ ಬೇರೆ ಬರಬಹುದು. ವರದಿಯಲ್ಲಿ ಯಾವ ಮೆಥಡ್, ಎಷ್ಟು ವೇಗ ಎಂದು ಬರೆಯುವುದು ಅದಕ್ಕೇ.

ಮೆಥಡ್ ಬಿ ಬಳಸುವವರು ಹೆಚ್ಚಾಗಿ ಎಡವುವುದು ಈಲ್ಡ್ ಆಗುವ ಹೊತ್ತಿನಲ್ಲಿ. ಸಾಫ್ಟ್‌ವೇರ್‌ಗೆ "ಲೋಡ್ ಕಂಟ್ರೋಲ್, ಸೆಕೆಂಡಿಗೆ 3 ಕಿಲೋನ್ಯೂಟನ್" ಎಂದು ಹೇಳಿ ಕೊನೆವರೆಗೂ ಬಿಟ್ಟುಬಿಡುತ್ತಾರೆ. ಕಂಬಿ ಈಲ್ಡ್ ಆದ ಕೂಡಲೇ ಲೋಡ್ ಏರುವುದು ನಿಲ್ಲುತ್ತದೆ. ಕಂಟ್ರೋಲರ್‌ಗೆ ಲೋಡ್ ಏರಿಸುವ ಹಠ. ವಾಲ್ವ್ ಪೂರ್ತಿ ತೆರೆಯುತ್ತದೆ, ಪಿಸ್ಟನ್ ನುಗ್ಗುತ್ತದೆ, ಚಪ್ಪಟೆ ಭಾಗ ಕ್ಷಣದಲ್ಲಿ ಮುಗಿದುಹೋಗುತ್ತದೆ. ಕೆಳಗಿನ ಈಲ್ಡ್ ಸಿಗುವುದೇ ಇಲ್ಲ, ಸಿಕ್ಕಿದ್ದೂ ಏರಿರುತ್ತದೆ. ಈಲ್ಡ್ ಹತ್ತಿರ ಬಂದಾಗ ಮಷಿನ್ ಕ್ರಾಸ್‌ಹೆಡ್ ವೇಗಕ್ಕೆ ಬದಲಾಗಬೇಕು. ಕೆಳಗಿನ ಈಲ್ಡ್ ಅಳೆಯುವಾಗ ಸ್ಟ್ರೇನ್ ವೇಗ ಸೆಕೆಂಡಿಗೆ 0.00025 ಇಂದ 0.0025 ಒಳಗೆ ಇರಬೇಕು. ಜಾಗಳ ನಡುವೆ 300 ಮಿಮೀ ಇದ್ದರೆ ಅದು ನಿಮಿಷಕ್ಕೆ 4.5 ಇಂದ 45 ಮಿಮೀ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಟೆಸ್ಟನ್ನು ಹಂತಗಳಾಗಿ ಒಡೆಯುವ ವ್ಯವಸ್ಥೆ ಇದ್ದೇ ಇರುತ್ತದೆ. ಬ್ಲೂಹಿಲ್, ಟೆಸ್ಟ್‌ಎಕ್ಸ್‌ಪರ್ಟ್, ಟ್ರಪೀಜಿಯಂ ಯಾವುದೇ ಇರಲಿ, ಊರಲ್ಲೇ ಬರೆಸಿದ ಸಾಫ್ಟ್‌ವೇರ್ ಇರಲಿ, ಮೆನುವಿನ ಹೆಸರು ಬೇರೆ, ಕೆಲಸ ಒಂದೇ.

ಈಲ್ಡ್ ಸ್ವಲ್ಪ ಜಾಸ್ತಿ ಬಂದರೆ ನಷ್ಟವೇನು ಎಂದು ಯೋಚಿಸುವವರಿದ್ದಾರೆ. ಫೆ 500ಡಿಗೆ ಈಲ್ಡ್ ಕನಿಷ್ಠ 500 ಆದರೆ ಸಾಲದು. ಟೆನ್ಸೈಲ್ 565 ಮುಟ್ಟಬೇಕು, ಅದೂ ಬಂದ ಈಲ್ಡ್‌ಗಿಂತ 10% ಆದರೂ ಮೇಲಿರಬೇಕು. ಭೂಕಂಪದಂಥ ಹೊತ್ತಿನಲ್ಲಿ ಕಂಬಿ ಈಲ್ಡ್ ಆದ ಮೇಲೂ ಇನ್ನಷ್ಟು ಹೊರೆ ಹೊರಲಿ, ಹಿಗ್ಗಲಿ ಎಂಬುದು ಈ ನಿಯಮದ ಉದ್ದೇಶ. ಟೆನ್ಸೈಲ್ 600 ಇರುವ ಕಂಬಿಗೆ ಸರಿಯಾದ ಈಲ್ಡ್ 535 ಇದ್ದರೆ ಅನುಪಾತ 1.12, ಪಾಸ್. ಜೋರಾಗಿ ಎಳೆದು 550 ಬರಿಸಿದರೆ 1.09, ಫೇಲ್. ಒಳ್ಳೆಯ ಕಂಬಿಯನ್ನು ನೀವು ತಿರಸ್ಕರಿಸಿದಿರಿ. ಈಲ್ಡ್‌ನಲ್ಲಿ ಸುರಕ್ಷಿತ ಕಡೆಯ ತಪ್ಪು ಎಂಬುದೇ ಇಲ್ಲ.

ಈಗ ಲೋಡ್ ಸೆಲ್. ಸೊನ್ನೆ ಯಾವಾಗ ಮಾಡುತ್ತೀರಿ? ಕಂಬಿಯನ್ನು ಎರಡೂ ಜಾಗಳಲ್ಲಿ ಬಿಗಿದ ಮೇಲೆ ಸ್ಕ್ರೀನ್‌ನಲ್ಲಿ ಮೈನಸ್ 2 ಕಿಲೋನ್ಯೂಟನ್ ಕಾಣುತ್ತದೆ, ಆಪರೇಟರ್ ಟೇರ್ ಒತ್ತುತ್ತಾರೆ, ಶುರು ಮಾಡುತ್ತಾರೆ. ತಕ್ಕಡಿಯಲ್ಲಿ ತರಕಾರಿ ಹಾಕಿದ ಮೇಲೆ ಸೊನ್ನೆ ಮಾಡಿದ ಹಾಗೆ ಇದು. ಆ ಮೈನಸ್ 2 ನಿಜವಾದ ಬಲ, ಜಾ ಬಿಗಿಯುವಾಗ ಕಂಬಿ ಒತ್ತಿಸಿಕೊಂಡದ್ದು. ಅದನ್ನು ಅಳಿಸಿದರೆ ಆಮೇಲಿನ ಪ್ರತಿ ಓದಿನಲ್ಲೂ 2 ಕಿಲೋನ್ಯೂಟನ್ ಜಾಸ್ತಿ, ನಿಮ್ಮ ಕಂಬಿಗೆ 18 ಎಂಪಿಎ. ಸ್ಟ್ಯಾಂಡರ್ಡ್ ನೇರವಾಗಿಯೇ ಹೇಳುತ್ತದೆ: ಎಲ್ಲ ಜೋಡಿಸಿ, ಕಂಬಿಯನ್ನು ಎರಡೂ ತುದಿ ಹಿಡಿಯುವ ಮುಂಚೆ ಸೊನ್ನೆ ಮಾಡಿ, ಆಮೇಲೆ ಮುಟ್ಟಬೇಡಿ. ಸಾಧ್ಯವಿದ್ದರೆ ಸಾಫ್ಟ್‌ವೇರ್‌ನಲ್ಲಿ ಆ ಬಟನ್ನನ್ನು ಟೆಸ್ಟ್ ಶುರುವಾಗುವ ಹಂತದಲ್ಲಿ ಲಾಕ್ ಮಾಡಿಸಿ.

ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ತೆಗೆದು ಎರಡು ವಿಷಯ ಓದಿ. ಒಂದು, ಅತಿ ಕಡಿಮೆ ಎಷ್ಟು ಲೋಡ್‌ವರೆಗೆ ಪರೀಕ್ಷಿಸಿದ್ದಾರೆ. 8 ಎಂಎಂ ಕಂಬಿ ಸುಮಾರು 25 ಕಿಲೋನ್ಯೂಟನ್‌ಗೆ ಈಲ್ಡ್ ಆಗುತ್ತದೆ, ಅದು ನಿಮ್ಮ 600ರ ಮಷಿನ್‌ನಲ್ಲಿ 4% ಮಾತ್ರ. ಸರ್ಟಿಫಿಕೇಟ್ 60ರಿಂದ ಶುರುವಾಗಿದ್ದರೆ 8 ಎಂಎಂ ವರದಿಗಳಿಗೆ ಆಧಾರವೇ ಇಲ್ಲ. ಎರಡು, ಯಾವ ಓದನ್ನು ಕ್ಯಾಲಿಬ್ರೇಟ್ ಮಾಡಿದ್ದಾರೆ. ಪ್ಯಾನಲ್‌ನ ಡಿಜಿಟಲ್ ಡಿಸ್‌ಪ್ಲೇ ಓದಿ ಸರ್ಟಿಫಿಕೇಟ್ ಬರೆದಿದ್ದು, ವರದಿ ಸಾಫ್ಟ್‌ವೇರ್‌ನಿಂದ ಹೋಗುತ್ತಿದ್ದರೆ ಕೊಂಡಿ ತಪ್ಪಿತು. ಎಷ್ಟೋ ಕಡೆ ಇವೆರಡಕ್ಕೆ ಬೇರೆ ಬೇರೆ ಫ್ಯಾಕ್ಟರ್ ಫೈಲ್ (ಲೋಡ್ ಸೆಲ್ ಸಿಗ್ನಲ್ಲನ್ನು ಕಿಲೋನ್ಯೂಟನ್‌ಗೆ ತರುವ ಗುಣಕಗಳು) ಇರುತ್ತದೆ. ಕಂಪ್ಯೂಟರ್ ಕೆಟ್ಟು ಸಾಫ್ಟ್‌ವೇರ್ ಮತ್ತೆ ಹಾಕಿದಾಗ ಆ ಫ್ಯಾಕ್ಟರ್ ಹಳೆಯದಕ್ಕೆ ಹೋಗಿಬಿಡಬಹುದು. ಆ ಫೈಲಿನ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ, ಸಂಖ್ಯೆಗಳನ್ನು ಕಾಗದದಲ್ಲೂ ಬರೆದಿಡಿ.

ಎಲಾಂಗೇಷನ್ (ಕಂಬಿ ಶೇಕಡಾ ಎಷ್ಟು ಹಿಗ್ಗಿತು) ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗೇಜ್ ಲೆಂತ್ 5.65 ಗುಣಿಸು ಏರಿಯಾದ ವರ್ಗಮೂಲ, ನಿಮ್ಮ ಕಂಬಿಗೆ 58.8, ಹತ್ತಿರದ 5ಕ್ಕೆ ತಂದರೆ 60 ಮಿಮೀ. ಮುರಿದ ಮೇಲಿನ ಎಲಾಂಗೇಷನ್ನನ್ನು ತುಂಡು ಜೋಡಿಸಿ ವರ್ನಿಯರ್‌ನಲ್ಲಿ ಅಳೆದು, ಸಾಫ್ಟ್‌ವೇರ್‌ಗೆ ಕೈಯಾರೆ ತುಂಬಿ. ಕ್ರಾಸ್‌ಹೆಡ್‌ನಿಂದ ಬಂದ "ಬ್ರೇಕ್ ಎಲಾಂಗೇಷನ್" ಅನ್ನು ವರದಿಗೆ ಹಾಕಬೇಡಿ. ಫೆ 500ಡಿಗೆ ಗರಿಷ್ಠ ಲೋಡಿನ ಹೊತ್ತಿನ ಒಟ್ಟು ಎಲಾಂಗೇಷನ್ 5% ಬೇಕು. ಅದನ್ನು ಎಕ್ಸ್‌ಟೆನ್ಸೋಮೀಟರ್‌ನಿಂದ ತೆಗೆಯುವುದಾದರೆ, ತುದಿಯಲ್ಲಿ ಕರ್ವ್ ಉದ್ದಕ್ಕೂ ಚಪ್ಪಟೆ ಇರುವಾಗ ಸಾಫ್ಟ್‌ವೇರ್ ಎಲ್ಲಿ ಗುರುತು ಹಾಕಿದೆ ನೋಡಿ. ಆ ಚಪ್ಪಟೆಯ ನಡುವಿನ ಬಿಂದು ತೆಗೆದುಕೊಳ್ಳಬೇಕು. ಸಾಫ್ಟ್‌ವೇರ್ ಸಾಮಾನ್ಯವಾಗಿ ಅತಿ ದೊಡ್ಡ ಒಂದು ಸಂಖ್ಯೆ ಹುಡುಕುತ್ತದೆ. ಸಿಗ್ನಲ್ ನಡುಕದಿಂದ ಅದು ಆ ಕೊನೆಗೋ ಈ ಕೊನೆಗೋ ಬೀಳಬಹುದು. ಎಕ್ಸ್‌ಟೆನ್ಸೋಮೀಟರನ್ನು ಮೊದಲೇ ತೆಗೆಯುವುದಾದರೆ ಮುರಿದ ತುಂಡಿನ ಮೇಲೆ, ಮುರಿತದಿಂದ ದೂರದಲ್ಲಿ, 100 ಮಿಮೀ ಗುರುತಿನ ಹಿಗ್ಗುವಿಕೆ ಅಳೆದು, ಅದಕ್ಕೆ ಟೆನ್ಸೈಲ್ ಅನ್ನು 2000ದಿಂದ ಭಾಗಿಸಿದ ಸಂಖ್ಯೆ ಸೇರಿಸಿ. ನಿಮ್ಮ 628ಕ್ಕೆ ಅದು 0.31%.

ಸಾಫ್ಟ್‌ವೇರ್ ಸರಿ ಇದೆ ಅಂತ ಹೇಗೆ ತೋರಿಸುವುದು ಎಂದು ಕೇಳಿದ್ದೀರಿ. ಲ್ಯಾಬ್‌ಗಳ ಸಾಮರ್ಥ್ಯಕ್ಕೆ ಇರುವ ಸ್ಟ್ಯಾಂಡರ್ಡ್ ಐಎಸ್‌ಒ/ಐಇಸಿ 17025:2017ರ 7.11 ಓದಿ. ಮಾರುಕಟ್ಟೆಯಲ್ಲಿ ಎಲ್ಲರೂ ಬಳಸುವ ರೆಡಿ ಸಾಫ್ಟ್‌ವೇರನ್ನು ಅದರ ಉದ್ದೇಶಕ್ಕೇ ಬಳಸಿದರೆ ಸಾಕಷ್ಟು ಪರೀಕ್ಷೆ ಆಗಿದೆ ಎಂದು ಪರಿಗಣಿಸಬಹುದು ಎಂಬ ರಿಯಾಯಿತಿ ಅಲ್ಲಿದೆ. ಹಲವರು ಅಷ್ಟಕ್ಕೇ ನಿಲ್ಲುತ್ತಾರೆ. ಆದರೆ ಕಾನ್ಫಿಗರೇಷನ್ ಬದಲಿಸಿದರೂ ಬಳಸುವ ಮುಂಚೆ ಪರೀಕ್ಷಿಸಬೇಕು, ಲೆಕ್ಕಗಳನ್ನು ಕ್ರಮವಾಗಿ ತಾಳೆ ನೋಡಬೇಕು ಎಂದೂ ಅಲ್ಲೇ ಇದೆ. ನಿಮ್ಮ ಮೆಥಡ್ ಫೈಲ್ ನೀವು ಮಾಡಿಕೊಂಡ ಕಾನ್ಫಿಗರೇಷನ್. ಚಾನಲ್, ಏರಿಯಾ, 0.5%, ವೇಗದ ಹಂತ, ಎಲ್ಲವೂ ನಿಮ್ಮ ತೀರ್ಮಾನ. ತಯಾರಕರ ಸರ್ಟಿಫಿಕೇಟ್ ಅದಕ್ಕೆ ಹೊಣೆ ಅಲ್ಲ.

ಹಾಗಾಗಿ ಒಂದು ಟೆಸ್ಟಿನ ಕಚ್ಚಾ ಡೇಟಾ ಸಿಎಸ್‌ವಿ ಆಗಿ ಹೊರತೆಗೆಯಿರಿ. ಸಮಯ, ಲೋಡ್, ಎಕ್ಸ್‌ಟೆನ್ಸೋಮೀಟರ್ ಹಿಗ್ಗುವಿಕೆ, ಕ್ರಾಸ್‌ಹೆಡ್, ಈ ನಾಲ್ಕು ಕಾಲಂ ಸಾಕು. ಎಕ್ಸೆಲ್‌ನಲ್ಲಿ ತೆರೆದು ಸ್ಟ್ರೆಸ್‌ಗೆ ಒಂದು ಕಾಲಂ, ಸ್ಟ್ರೇನ್‌ಗೆ ಒಂದು ಕಾಲಂ ಮಾಡಿ. 50 ಇಂದ 200 ಎಂಪಿಎ ಒಳಗಿನ ಸಾಲುಗಳಿಗೆ ಸ್ಲೋಪ್ ಫಂಕ್ಷನ್ ಹಾಕಿ. ಅದು ನಿಮ್ಮ ಮಾಡ್ಯುಲಸ್. ಆ ಗೆರೆ ಸ್ಟ್ರೇನ್ ಅಕ್ಷವನ್ನು ಮುಟ್ಟುವ ಜಾಗ ನಿಮ್ಮ ನಿಜವಾದ ಸೊನ್ನೆ. ಈಗ ಮೂರನೆಯ ಕಾಲಂ: ಸ್ಟ್ರೇನ್‌ನಿಂದ ಆ ಸೊನ್ನೆ ಕಳೆಯಿರಿ, ಆಮೇಲೆ ಸ್ಟ್ರೆಸ್ ಅನ್ನು ಸ್ಲೋಪ್‌ನಿಂದ ಭಾಗಿಸಿ ಅದನ್ನೂ ಕಳೆಯಿರಿ. ಉಳಿಯುವುದು ಕಂಬಿಯಲ್ಲಿ ಕಾಯಂ ಆಗಿ ಉಳಿದ ಹಿಗ್ಗುವಿಕೆ. ಆ ಕಾಲಂ 0.002 ದಾಟುವ ಸಾಲಿನಲ್ಲಿ ಎಷ್ಟು ಸ್ಟ್ರೆಸ್ ಇದೆಯೋ ಅದೇ 0.2% ಪ್ರೂಫ್ ಸ್ಟ್ರೆಸ್. ಗೆರೆ ಎಳೆಯುವ ರಗಳೆಯೇ ಇಲ್ಲ. ಇದು ಸಾಫ್ಟ್‌ವೇರ್ ಕೊಟ್ಟಿದ್ದಕ್ಕೆ ಒಂದೆರಡು ಎಂಪಿಎ ಒಳಗೆ ಕೂಡಬೇಕು. ನಿಮ್ಮಲ್ಲಿ ಪೈಥಾನ್ ಗೊತ್ತಿರುವ ಹುಡುಗರಿದ್ದರೆ ಇದನ್ನೇ ಸಣ್ಣ ಸ್ಕ್ರಿಪ್ಟ್ ಮಾಡಿಸಿ, ಆದರೆ ಮೊದಲ ಸಲ ಎಕ್ಸೆಲ್‌ನಲ್ಲಿ ಕೈಯಾರೆ ಮಾಡಿ. ಸಾಲು ಸಾಲಾಗಿ ಕಣ್ಣಾಡಿಸಿದಾಗ ಜಾ ಜಾರಿದ್ದು, ಕ್ಲಿಪ್ ಜಾರಿದ್ದು ಎಲ್ಲ ತಾನಾಗಿ ಕಾಣುತ್ತದೆ.

2000ದ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಟೆನ್‌ಸ್ಟ್ಯಾಂಡ್ ಎಂಬ ಯೋಜನೆ ನಡೆಯಿತು. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಅದರಲ್ಲಿ ಮುಂದಿತ್ತು. ಟೆನ್ಸೈಲ್ ಟೆಸ್ಟಿನ ಕಚ್ಚಾ ಡೇಟಾ ಫೈಲ್‌ಗಳನ್ನೂ, ಅವಕ್ಕೆ ಒಪ್ಪಿತವಾದ ಉತ್ತರಗಳನ್ನೂ ಸಿದ್ಧಪಡಿಸಿದರು. ಸಾಫ್ಟ್‌ವೇರ್‌ಗಳನ್ನು ಪರೀಕ್ಷಿಸಲೆಂದೇ ಮಾಡಿದ ಫೈಲ್‌ಗಳು ಅವು. ನಿಮ್ಮ ಸಾಫ್ಟ್‌ವೇರ್ ಹೊರಗಿನ ಡೇಟಾ ಓದಬಲ್ಲದಾದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಓದಲಾರದಾದರೆ ನಿಮ್ಮದೇ ನಾಲ್ಕೈದು ಫೈಲ್‌ಗಳನ್ನು ಆರಿಸಿ ಇಟ್ಟುಕೊಳ್ಳಿ. ಸ್ಪಷ್ಟ ಈಲ್ಡ್ ಇರುವ ಒಂದು, ಇಲ್ಲದ ಒಂದು, ಜಾ ಜಾರಿದ ಒಂದು, ಹೀಗೆ. ವರ್ಷನ್ ಬದಲಾದಾಗಲೆಲ್ಲ ಅವನ್ನೇ ಮತ್ತೆ ಲೆಕ್ಕ ಹಾಕಿಸಿ, ಹಳೆಯ ಉತ್ತರಕ್ಕೆ ತಾಳೆ ನೋಡಿ, ಸಹಿ ಹಾಕಿ ಫೈಲ್ ಮಾಡಿ. ಅಸೆಸರ್ ಮುಂದೆ ಇಡಲು ಇದು ಸಾಕು.

ಇನ್ನೊಂದು ಮಾತು ಹೇಳಲೇಬೇಕು. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಈಲ್ಡ್ ಗುರುತನ್ನು ಮೌಸ್‌ನಿಂದ ಹಿಡಿದು ಎಳೆಯಬಹುದು. ಆ ಸೌಲಭ್ಯ ಬೇಕು, ಏಕೆಂದರೆ ಪಂಪಿನ ನಡುಕವನ್ನು ಈಲ್ಡ್ ಅಂದುಕೊಂಡ ಟೆಸ್ಟನ್ನು ಮನುಷ್ಯನೇ ಸರಿಪಡಿಸಬೇಕು. ಆದರೆ ಎಳೆದವರು ಯಾರು, ಏಕೆ, ಮೊದಲು ಎಷ್ಟಿತ್ತು ಎಂಬುದು ಉಳಿಯಬೇಕು. 17025 ಕೂಡ ಇದನ್ನೇ ಕೇಳುತ್ತದೆ. ಪ್ರತಿಯೊಬ್ಬ ಆಪರೇಟರ್‌ಗೂ ಬೇರೆ ಲಾಗಿನ್ ಕೊಡಿ, ಒಂದೇ ಪಾಸ್‌ವರ್ಡ್‌ನಲ್ಲಿ ಎಲ್ಲರೂ ಕೆಲಸ ಮಾಡಬೇಡಿ. ಟೆಸ್ಟ್ ಡಿಲೀಟ್ ಮಾಡುವ ಅಧಿಕಾರ ಯಾರಿಗೂ ಬೇಡ. 498 ಬಂದ ಕಂಬಿಯನ್ನು ಅಳಿಸಿ, 503 ಬರುವವರೆಗೆ ತುಂಡು ಬದಲಿಸುವುದು ಟೆಸ್ಟಿಂಗ್ ಅಲ್ಲ. ಆ ಕಂಬಿ ಯಾರದೋ ಮನೆಯ ಪಿಲ್ಲರ್ ಒಳಗೆ ಕೂರುತ್ತದೆ, ಒಮ್ಮೆ ಕಾಂಕ್ರೀಟ್ ಬಿದ್ದ ಮೇಲೆ ಯಾರೂ ತೆಗೆದು ನೋಡುವುದಿಲ್ಲ. ಜಾ ಜಾರಿದ್ದಕ್ಕೆ ಟೆಸ್ಟ್ ಕೈಬಿಟ್ಟರೆ ಕರ್ವ್ ಸಮೇತ ಕಾರಣ ಬರೆದು ಕೈಬಿಡಿ.

ವರದಿಯ ಅಂಕಿಗಳನ್ನೂ ನೋಡಿಕೊಳ್ಳಿ. ಸಾಫ್ಟ್‌ವೇರ್ 533.7284 ಎಂದು ತೋರಿಸಿದರೆ ಅದು ನಿಖರತೆ ಅಲ್ಲ, ಬರೀ ಭಾಗಾಕಾರ. ಸ್ಟ್ರೆಸ್ ಅನ್ನು 1 ಎಂಪಿಎಗೆ, ಎಲಾಂಗೇಷನ್ನನ್ನು 0.5%ಗೆ ಸರಿಹೊಂದಿಸಿ.

ಈಗ ಆ ಲ್ಯಾಬ್‌ಗೆ ಫೋನ್ ಮಾಡಿ. ಜಗಳಕ್ಕಲ್ಲ, ಮೂರು ಸಂಖ್ಯೆ ಕೇಳಲು: ಈಲ್ಡ್ ಲೋಡ್ ಎಷ್ಟು ಕಿಲೋನ್ಯೂಟನ್, ಏರಿಯಾ ಎಷ್ಟು ಹಾಕಿದಿರಿ, ಎಷ್ಟು ವೇಗದಲ್ಲಿ ಎಳೆದಿರಿ. ಏರಿಯಾ 113.1 ಅಂದರೆ ವಿಷಯ ಅಲ್ಲಿಗೆ ಮುಗಿಯಿತು. ಅವರೂ ತೂಗಿ 108ರ ಹತ್ತಿರವೇ ಹಾಕಿದ್ದರೆ, ಒಂದೇ ಕಂಬಿಯಿಂದ ಅಕ್ಕಪಕ್ಕದ ಆರು ತುಂಡು ಕತ್ತರಿಸಿ ಮೂರು ಅವರಿಗೆ ಕೊಡಿ, ಮೂರು ನೀವಿಟ್ಟುಕೊಳ್ಳಿ, ಒಂದೇ ವೇಗದಲ್ಲಿ ಎಳೆದು ಸಿಎಸ್‌ವಿ ಫೈಲ್‌ಗಳನ್ನು ಬದಲಿಸಿಕೊಳ್ಳಿ. ಕಿಲೋನ್ಯೂಟನ್‌ನಲ್ಲೇ 4% ಅಂತರ ಉಳಿದರೆ ಇಬ್ಬರಲ್ಲಿ ಒಬ್ಬರ ಲೋಡ್ ಸೆಲ್ ಅಥವಾ ಫ್ಯಾಕ್ಟರ್ ಫೈಲ್ ತಪ್ಪಿದೆ. ಆಗ ಎರಡೂ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್‌ಗಳ ಪ್ರತಿ ಇಟ್ಟು ಮತ್ತೆ ಬರೆಯಿರಿ, ಒಟ್ಟಿಗೆ ನೋಡೋಣ.